ನಡೆಸುವವನೇ ಕಾಯಿಲೆ ಬಿದ್ದರೆ ಕೂಟದ ಬಾಗಿಲು ತೆರೆಯುವವರು ಯಾರು?

ನಿಟ್ಟುವಳ್ಳಿ ನಿವಾಸಿ, ದಾವಣಗೆರೆ

ನನಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಸಿಯುವ ಕಾಯಿಲೆ, ಇದೆಯೆಂದು ವೈದ್ಯರು ಹೇಳಿ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ನಾಲ್ಕು ಬಾರಿ ಆಸ್ಪತ್ರೆ ಸೇರಿದ್ದೇನೆ. ಉಳಿದ ದಿನಗಳಲ್ಲಿ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಾನಸಿಕ ಕಾಯಿಲೆ ಉಳ್ಳವರೇ ನಡೆಸುವ ಕೂಟದ ಬಗ್ಗೆ ಪ್ರಶ್ನೆ ಕೇಳುತ್ತಿರುವವನು ಹೊರಗೆ ನಿಂತು ನೋಡಿದವನಲ್ಲ ಎಂಬುದು ತಿಳಿದಿರಲಿ ಎಂದು ಇದನ್ನು ಮೊದಲೇ ಹೇಳಿದೆ.

ಎರಡು ವರ್ಷಗಳ ಹಿಂದೆ ಮನೋರೋಗ ವಿಭಾಗದ ಹೊರಗಿನ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದವರು ಚೀಟಿ ಹಿಡಿದಿದ್ದ ಕೈ ಸಣ್ಣಗೆ ನಡುಗುತ್ತಿರುವುದನ್ನು ಕಂಡೆ. ನನ್ನ ಕೈಯೂ ಹಾಗೆಯೇ ನಡುಗುತ್ತದೆ. ಈ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ನುಂಗುವ ಅನೇಕರಿಗೆ ಇದು ಹೊಸದಲ್ಲ. ನಾನು ಏನೂ ಹೇಳದೆ ನನ್ನ ಕೈಯನ್ನು ಅವರ ಕೈಯ ಪಕ್ಕಕ್ಕೆ ಚಾಚಿದೆ. ಅವರು ಎರಡನ್ನೂ ನೋಡಿ ನಕ್ಕು, "ನೀವು ಚಹಾದ ಲೋಟ ಹೇಗೆ ಹಿಡಿಯುತ್ತೀರಿ?" ಎಂದು ಕೇಳಿದರು. ಅರ್ಧ ಲೋಟ ಮಾತ್ರ ಹಾಕಿಸಿಕೊಳ್ಳುತ್ತೇನೆ ಎಂದೆ. ಅಲ್ಲಿಯವರೆಗಿನ ಒಂಬತ್ತು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಮನೆಯವರು ಗುಳಿಗೆ ನುಂಗಿದೆಯಾ ಎಂದು ಕೇಳುತ್ತಾರೆ, ವೈದ್ಯರು ನಿದ್ದೆ ಬರುತ್ತದೆಯೇ ಎಂದು ಕೇಳುತ್ತಾರೆ. ಲೋಟದ ಬಗ್ಗೆ ಕೇಳಲು ಕೈ ನಡುಗಿದವರೇ ಬೇಕಾಯಿತು.

ಅಲ್ಲಿಂದ ಮುಂದೆ ನಾವು ಐದು ಜನರಾದೆವು, ಆಮೇಲೆ ಒಂಬತ್ತು ಜನ. ಗೆಳೆಯರೊಬ್ಬರ ಅಂಗಡಿಯ ಮೇಲಿನ ಖಾಲಿ ಕೋಣೆಯಲ್ಲಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಸಂಜೆ ನಾಲ್ಕಕ್ಕೆ ಸೇರುತ್ತಿದ್ದೆವು. ಭಾಷಣವಿಲ್ಲ, ಅತಿಥಿಗಳಿಲ್ಲ, ನಡುವೆ ಒಂದು ಹಾಳೆಯ ಮೇಲೆ ಖಾರ ಮಂಡಕ್ಕಿ, ಸುತ್ತ ನಾವು. ಬಾಯಿ ಬಿಡಲು ಇಷ್ಟವಿಲ್ಲದವರು ಮಂಡಕ್ಕಿ ತಿಂದು ಎದ್ದು ಹೋಗಬಹುದಾಗಿತ್ತು, ಹಾಗೆ ಹೋದವರೂ ಇದ್ದಾರೆ.

ಈ ಶ್ರಾವಣದಲ್ಲಿ ನನಗೆ ನಾಲ್ಕು ರಾತ್ರಿ ನಿದ್ದೆ ಹತ್ತಲಿಲ್ಲ. ನಿದ್ದೆ ಬೇಕೆಂದೂ ಅನ್ನಿಸಲಿಲ್ಲ. ನನ್ನ ಮಟ್ಟಿಗೆ ಅಪಾಯ ಇರುವುದು ಅಲ್ಲಿಯೇ. ಕೂಟವನ್ನು ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿಸುವ ಯೋಜನೆಯನ್ನು ರಾತ್ರಿ ಎರಡು ಗಂಟೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ವಿವರಿಸಿದೆ, ಸಾಲ ಮಾಡಿ ಇನ್ನೂರು ರಸೀದಿ ಪುಸ್ತಕಗಳನ್ನು ಅಚ್ಚು ಹಾಕಿಸಿದೆ. ಅವು ಈಗಲೂ ಅಟ್ಟದ ಮೇಲಿವೆ. ಕೊನೆಗೆ ತಂಗಿ ಮತ್ತು ಭಾವ ಸೇರಿ ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ಕೋಣೆಯ ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿತ್ತು, ಅಂಗಿ ಆಸ್ಪತ್ರೆಯ ಚೀಲದಲ್ಲಿತ್ತು. ಎರಡು ಭಾನುವಾರ ನಮ್ಮವರು ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ವಾಪಸಾದರು. ಅವರಲ್ಲೊಬ್ಬರು ಜಗಳೂರಿನ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದವರು. ಅಂದಿನಿಂದ ಅವರು ಬಂದಿಲ್ಲ, ಫೋನನ್ನೂ ಎತ್ತುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಕಾಯಿಲೆ ಉಳ್ಳವರೇ ನಡೆಸುವ ಕೂಟದಲ್ಲಿ ನಡೆಸುವವನೇ ಬಿದ್ದಾಗ ಏನು ಮಾಡಬೇಕು? ಇದನ್ನು ಯಾವುದಾದರೂ ಆಸ್ಪತ್ರೆಗೋ ಸಂಸ್ಥೆಗೋ ಒಪ್ಪಿಸಿಬಿಡುವುದು ಲೇಸು ಎಂದು ಭಾವ ಹೇಳುತ್ತಾರೆ. ಮನೆಯವರನ್ನೂ ಸೇರಿಸಿಕೊಳ್ಳಿ ಎಂದು ಇನ್ನು ಕೆಲವರು ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ, ಆದರೆ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಮಲಗಿದ್ದವನು ನಾನೇ ಆದ್ದರಿಂದ ಗಟ್ಟಿಯಾಗಿ ಬೇಡವೆನ್ನುವ ಧೈರ್ಯವೂ ಬರುತ್ತಿಲ್ಲ.

ದುರ್ಗದ ಹಳಬ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಚಿತ್ರದುರ್ಗದಲ್ಲಿ ಕುಡಿತ ಬಿಟ್ಟವರ ಕೂಟವೊಂದರಲ್ಲಿ ಒಂಬತ್ತು ವರ್ಷಗಳಿಂದ ಕುಳಿತುಕೊಳ್ಳುತ್ತಿರುವವನು; ಕುಡಿತ ಬಿಟ್ಟ ಮೇಲೆ ಅದರ ಕೆಳಗೆ ಅಡಗಿದ್ದ ಖಿನ್ನತೆ ಮೇಲೆ ಬಂದಿತು, ಅದಕ್ಕೆ ಗುಳಿಗೆಯೂ ನಡೆಯುತ್ತಿದೆ. ನಿಮ್ಮ ಕೂಟ ಬೇರೆ, ನಮ್ಮದು ಬೇರೆ. ಆದರೂ ನಡೆಸುವವನು ಬೀಳುವ ಸಮಸ್ಯೆ ನಮ್ಮಲ್ಲಿ ಹುಟ್ಟಿನಿಂದಲೇ ಇದ್ದದ್ದು, ಏಕೆಂದರೆ ಕುಡುಕರು ನಡೆಸುವ ಕೂಟದಲ್ಲಿ ಯಾರು ಯಾವ ಅಮಾವಾಸ್ಯೆಗೆ ಮತ್ತೆ ಬಾಟಲಿ ಹಿಡಿಯುತ್ತಾರೆಂದು ಯಾರೂ ಹೇಳಲಾರರು.

ಕುಡಿತ ಬಿಡಬೇಕೆನ್ನುವವರ ಕೂಟಗಳ ಚಳವಳಿಯಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ಒಬ್ಬರು ಶೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರವೈದ್ಯರು, ಇಬ್ಬರೂ ಕುಡುಕರು. ಶೇರು ವ್ಯವಹಾರದವರು ಆ ಊರಿಗೆ ಬಂದಿದ್ದಾಗ ವ್ಯಾಪಾರ ಕೈಕೊಟ್ಟು ಮತ್ತೆ ಕುಡಿಯುವ ಹಂತಕ್ಕೆ ಬಂದಿದ್ದರು. ಆಗ ಅವರು ಹುಡುಕಿದ್ದು ತಮ್ಮನ್ನು ಬಿಡಿಸುವ ವೈದ್ಯರನ್ನಲ್ಲ, ತಾವು ಮಾತನಾಡಿಸಬಹುದಾದ ಮತ್ತೊಬ್ಬ ಕುಡುಕನನ್ನು. ಸಿಕ್ಕವರು ವೈದ್ಯರಾಗಿದ್ದುದು ಬರೀ ಆಕಸ್ಮಿಕ. ನಿಮ್ಮ ಬೆಂಚಿನ ಕಥೆ ಓದಿದಾಗ ನನಗೆ ಇದೇ ನೆನಪಾಯಿತು. ಆ ಚಳವಳಿ ಬೆಳೆದಂತೆ ಅವರು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡರು: ಮುಂದಾಳುಗಳು ನಂಬಿಕಸ್ಥ ಸೇವಕರೇ ಹೊರತು ಆಳುವವರಲ್ಲ, ಹೊರಗಿನವರ ದೇಣಿಗೆ ಬೇಡ, ಹೆಸರು ಹೊರಗೆ ಹೋಗಬಾರದು. ಇದರ ಜೊತೆಗೆ ಹೊಣೆಗಳನ್ನು ಸರದಿಯಂತೆ ಹಂಚಿಕೊಳ್ಳುವ ರೂಢಿಯೂ ಬೆಳೆಯಿತು. ಇವೆಲ್ಲ ಆದರ್ಶಕ್ಕಾಗಿ ಹುಟ್ಟಿದ ನಿಯಮಗಳೆಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ, ಮನುಷ್ಯ ಬೀಳುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿದವು.

ನಮ್ಮಲ್ಲಿ ಬೀಗದ ಕೈ ಮೂರು ಜನರ ಬಳಿ ಇರುತ್ತದೆ, ಮತ್ತು ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಕೈ ಬದಲಾಗುತ್ತದೆ. ಮೂವರಲ್ಲಿ ಒಬ್ಬರು ಕೋಣೆಯಿಂದ ನಡೆದು ಬರುವಷ್ಟು ಹತ್ತಿರದಲ್ಲಿರಬೇಕು. ಚಹಾ ಯಾರ ಪಾಲಿಗೆ ಎಂಬುದು ಬೇರೆ, ಮಾತು ಆರಂಭಿಸುವವರು ಬೇರೆ, ಹಣದ ಡಬ್ಬಿ ಬೇರೆಯವರ ಬಳಿ. ಡಬ್ಬಿಯಲ್ಲಿ ಎರಡು ತಿಂಗಳ ಚಹಾಕ್ಕಿಂತ ಹೆಚ್ಚು ಹಣ ಸೇರಲು ಬಿಡುವುದಿಲ್ಲ. ಹೆಚ್ಚು ಹಣ ಇದ್ದರೆ ಉಳಿದವರಿಗೆ ಜಗಳ, ಇಟ್ಟುಕೊಂಡವನಿಗೆ ಪರೀಕ್ಷೆ. ನೋಂದಣಿಯ ಬಗ್ಗೆ ನಿಮ್ಮ ಭಾವನವರು ಹೇಳಿದರೆ ಅವಸರ ಮಾಡಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಜನ ಇದ್ದರೆ ಸಂಘ ಮಾಡಬಹುದು, ಆದರೆ ಸಂಘವಾದ ಕೂಡಲೇ ಅಧ್ಯಕ್ಷರು, ಕಾರ್ಯದರ್ಶಿ, ವಾರ್ಷಿಕ ಸಭೆ ಎಲ್ಲವೂ ಬರುತ್ತವೆ, ಮತ್ತು ನಮ್ಮ ಕಡೆ ಅಧ್ಯಕ್ಷರೆಂದ ಮೇಲೆ ಹಾರ, ಹಾರದ ಮೇಲೆ ಮುನಿಸು ತಪ್ಪಿದ್ದಲ್ಲ. ಒಂಬತ್ತು ಜನ ಮಂಡಕ್ಕಿ ತಿನ್ನಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನೊಂದು ಮಾತು. ನಮ್ಮ ಕೂಟದಲ್ಲಿ ಪ್ರತಿಯೊಬ್ಬರೂ ಚೆನ್ನಾಗಿರುವ ದಿನ ಒಂದು ಹಾಳೆಯಲ್ಲಿ ತಮ್ಮ ಗುರುತುಗಳನ್ನು ತಾವೇ ಬರೆದು ಇಬ್ಬರ ಕೈಗೆ ಕೊಟ್ಟಿರುತ್ತಾರೆ. ನನ್ನ ಹಾಳೆಯಲ್ಲಿ ಹೀಗಿದೆ: "ನಾನು ಮೂರು ದಿನ ಗಡ್ಡ ಕೆರೆಯದೆ ಇದ್ದರೆ, ಮತ್ತು ಯಾವ ಮಾತಿಗೂ 'ಇರಲಿ ಬಿಡಿ' ಎನ್ನತೊಡಗಿದರೆ, ದಯವಿಟ್ಟು ಮನೆಗೆ ಬನ್ನಿ. ಫೋನ್ ಮಾಡಬೇಡಿ, ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ." ಕಳೆದ ವರ್ಷ ಒಮ್ಮೆ ಇಬ್ಬರು ಬಂದರು. ನಾನು ಬಾಗಿಲು ತೆರೆಯಲಿಲ್ಲ. ಅವರು ಜಗಲಿಯ ಮೇಲೆ ಕುಳಿತು ತಮ್ಮ ತಮ್ಮೊಳಗೇ ಮಳೆ ಬೆಳೆಯ ಮಾತಾಡುತ್ತಾ ಒಂದು ಗಂಟೆ ಕಳೆದರು. ಕೊನೆಗೆ ಸಿಟ್ಟಿನಿಂದಲೇ ಬಾಗಿಲು ತೆರೆದೆ. ನಾಲ್ಕು ರಾತ್ರಿ ನಿದ್ದೆಗೆಟ್ಟ ನೀವು ಫೋನ್ ಮಾಡಿದಾಗ ಅದನ್ನು ಕೇಳಿಸಿಕೊಂಡ ಎಂಟು ಜನರಲ್ಲಿ ಒಬ್ಬರಿಗಾದರೂ ಹೀಗೊಂದು ಹಾಳೆ ಸಿಕ್ಕಿದ್ದರೆ, ಅವರು ಯೋಜನೆಗೆ ಹೂಂಗುಟ್ಟುವ ಬದಲು ನಿಮ್ಮ ತಂಗಿಗೆ ಹೇಳುತ್ತಿದ್ದರು.

ನಮ್ಮ ಪದ್ಧತಿಯನ್ನೆಲ್ಲ ಹಾಗೆಯೇ ತೆಗೆದುಕೊಳ್ಳಬೇಡಿ ಎಂಬುದನ್ನೂ ಸೇರಿಸುತ್ತೇನೆ. ತಪ್ಪೊಪ್ಪಿಗೆಯ ಮಾತು ಕುಡಿತದವನಿಗೆ ಹಿಡಿಸಬಹುದು. ತನ್ನ ತಪ್ಪಿನಿಂದಲೇ ಎಲ್ಲ ಹಾಳಾಯಿತೆಂದು ಮೊದಲೇ ನಂಬಿ ಕುಳಿತಿರುವ ಖಿನ್ನತೆಯವನಿಗೆ ಅದು ಗಾಯದ ಮೇಲೆ ಬರೆ.

ಮಂಗಳವಾರದ ಸಮಾಜ ಕಾರ್ಯಕರ್ತೆ

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರಲ್ಲ, ಆ ದಿನಗಳಲ್ಲಿ ಸರದಿಯ ಬೆಂಚಿನ ಆಚೆ ಬದಿಯಲ್ಲಿ ಕುಳಿತಿರುವವಳು. ನಿಮ್ಮ ಭಾವನವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಕೂಟವನ್ನು ನಮಗೆ ಒಪ್ಪಿಸಬೇಡಿ ಎಂದೇ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣ ವಿನಯವಲ್ಲ.

ನಮಗೆ ವರ್ಗಾವಣೆ ಆಗುತ್ತದೆ. ಯೋಜನೆಗಳಿಗೆ ಹಣಕಾಸು ವರ್ಷ ಮುಗಿಯುವ ಮಾರ್ಚ್ ತಿಂಗಳು ಬರುತ್ತದೆ. ಕೋಣೆ ಕೊಟ್ಟ ಅಧಿಕಾರಿಯ ಜಾಗಕ್ಕೆ ಬಂದ ಇನ್ನೊಬ್ಬರಿಗೆ ಆ ಕೋಣೆ ಔಷಧದ ದಾಸ್ತಾನಿಗೆ ಬೇಕಾಗುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ನಾನೇ ಇಂಥ ಗುಂಪನ್ನು ಆರಂಭಿಸಿದ್ದೆ. ನಾನು ಹೊರಟ ಮೂರನೆಯ ತಿಂಗಳಿಗೆ ಅದು ನಿಂತಿತು, ಏಕೆಂದರೆ ಹಾಜರಿ ಪುಸ್ತಕ ನನ್ನದು, ವಿಷಯ ನನ್ನದು, ಬಂದವರೆಲ್ಲ ನನ್ನ ಎದುರು ರೋಗಿಗಳಾಗಿಯೇ ಕುಳಿತಿದ್ದರು. ನೀವು ಕೆಲವು ವಾರ ಆಸ್ಪತ್ರೆಯಲ್ಲಿದ್ದಿರಿ, ಆದರೆ ವಾಪಸು ಬಂದಿರಿ. ನಾನು ವಾಪಸು ಹೋಗಲಿಲ್ಲ.

ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ತರಬಹುದು ಎಂಬುದನ್ನು ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಬುನಾದಿ. ಅದರಿಂದ ಗುಳಿಗೆ ಹತ್ತಿರ ಬಂತು, ವೈದ್ಯರು ಹತ್ತಿರ ಬಂದರು. ಗುಳಿಗೆ ನುಂಗಿದ ಮೇಲಿನ ಭಾನುವಾರವನ್ನು ಹೇಗೆ ಕಳೆಯಬೇಕು ಎಂಬುದಕ್ಕೆ ನಮ್ಮ ಬಳಿ ಹೆಚ್ಚಿನ ಉತ್ತರವಿಲ್ಲ.

ನಿಮ್ಮ ಮೆಟ್ಟಿಲ ಪ್ರಸಂಗ ಓದುವಾಗ ನ್ಯೂಯಾರ್ಕಿನ ಒಂದು ಸಂಗತಿ ನೆನಪಾಯಿತು. 1940ರ ದಶಕದಲ್ಲಿ ರಾಕ್‌ಲ್ಯಾಂಡ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲವರು ಕೂರಲು ಜಾಗವಿಲ್ಲದೆ ಆ ನಗರದ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲ ಮೇಲೆ ಸೇರುತ್ತಿದ್ದರು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರಿನ ಅರ್ಥ "ನಾವು ಒಂಟಿಯಲ್ಲ" ಎಂದು. 1948ರಲ್ಲಿ ಅವರಿಗೊಂದು ಮನೆ ಸಿಕ್ಕಿತು. ಅದರ ಅಂಗಳದಲ್ಲಿ ಕಾರಂಜಿ ಇದ್ದುದರಿಂದ ಫೌಂಟನ್ ಹೌಸ್ ಎಂದು ಕರೆದರು. 1955ರಲ್ಲಿ ಜಾನ್ ಬಿಯರ್ಡ್ ಎಂಬ ಸಮಾಜ ಕಾರ್ಯಕರ್ತರು ನಿರ್ದೇಶಕರಾದ ಮೇಲೆ ಸಿಬ್ಬಂದಿಯೂ ಸದಸ್ಯರೂ ಜೊತೆಯಾಗಿ ದುಡಿಯುವ ಕ್ಲಬ್‌ಹೌಸ್ ಎಂಬ ಮಾದರಿ ಅಲ್ಲಿ ಬೆಳೆದು ಅನೇಕ ದೇಶಗಳಿಗೆ ಹಬ್ಬಿತು. ಒಳ್ಳೆಯ ಮಾದರಿಯೇ ಸರಿ. ಆದರೆ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅದು ಪೂರ್ತಿ ಅವರದೇ ಆಗಿತ್ತು ಎಂಬುದನ್ನು ನನ್ನ ವೃತ್ತಿಯವರು ಮರೆಯಬಾರದು.

ಕಾಯಿಲೆ ಅನುಭವಿಸಿದವರು ಪರಸ್ಪರ ಒತ್ತಾಸೆಯಾಗುವುದರಿಂದ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ತೀವ್ರ ಸ್ಥಿತಿಯಿಂದ ಚೇತರಿಸಿಕೊಂಡ 441 ಜನರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಅನುಭವ ಉಳ್ಳ ಕಾರ್ಯಕರ್ತರ ಒತ್ತಾಸೆ ಸಿಕ್ಕವರಲ್ಲಿ ವರ್ಷದೊಳಗೆ ಮತ್ತೆ ತೀವ್ರ ಆರೈಕೆಗೆ ಮರಳಿದವರು ಶೇಕಡಾ 29. ಚೇತರಿಕೆಗೆ ನೆರವಾಗುವ ಅಭ್ಯಾಸ ಪುಸ್ತಕ ಮಾತ್ರ ಪಡೆದವರಲ್ಲಿ ಶೇಕಡಾ 38. ಅಲ್ಲಿ ತರಬೇತಿ, ಸಂಬಳ, ಮೇಲ್ವಿಚಾರಣೆ ಎಲ್ಲ ಇದ್ದವು. ನಿಮ್ಮ ಮಂಡಕ್ಕಿಗೆ ಆ ಅಂಕಿಯನ್ನು ನೇರವಾಗಿ ಅಂಟಿಸಲು ಬರುವುದಿಲ್ಲ. ಒಟ್ಟಾರೆ ಅಧ್ಯಯನಗಳಲ್ಲಿ ಆಸ್ಪತ್ರೆ ವಾಸ ಕಡಿಮೆಯಾಗುತ್ತದೆ ಎಂಬುದಕ್ಕಿಂತ ಭರವಸೆ ಮತ್ತು ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವ ಹೆಚ್ಚುತ್ತದೆ ಎಂಬುದಕ್ಕೇ ಹೆಚ್ಚು ಆಧಾರ ಕಂಡುಬಂದಿದೆ.

ಗುಳಿಗೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನನಗೆ ಹೀಗಾಯಿತು ಎಂದು ಹೇಳುವುದು ಬೇರೆ, ನೀನು ಹೀಗೆ ಮಾಡು ಎನ್ನುವುದು ಬೇರೆ. ಲಿಥಿಯಂ ನುಂಗುವವರು ನಮ್ಮ ಕಡೆಯ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ, ವಾಂತಿಭೇದಿ ಆದರೂ, ಮೈಕೈ ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆ ತಾವೇ ಕೊಂಡು ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಇಂಥ ಮಾಹಿತಿಯನ್ನು ನೀವು ಪರಸ್ಪರ ಹಂಚಿಕೊಂಡರೆ ನನಗೆ ಸಂತೋಷ. ಡೋಸ್ ಏರಿಸುವ ಇಳಿಸುವ ಮಾತು ಮಾತ್ರ ವೈದ್ಯರ ಮುಂದೆಯೇ ಆಗಲಿ.

ದುರ್ಗದ ಹಿರಿಯರು ಹೇಳಿದ ಹಾಳೆಗೆ ಕಾನೂನಿನ ಬಲ ಉಳ್ಳ ಒಬ್ಬ ಅಣ್ಣನಿದ್ದಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಕಲಮಿನಂತೆ, ತನಗೆ ಕಾಯಿಲೆ ಹೆಚ್ಚಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನು ವಯಸ್ಕರು ಬರೆದಿಡಬಹುದು. 14ನೇ ಕಲಮಿನಂತೆ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನೂ ಹೆಸರಿಸಬಹುದು. ಅದೇ ಕಾಯ್ದೆಯ 23ನೇ ಕಲಮು ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯನ್ನು ಚಿಕಿತ್ಸೆ ನೀಡುವ ನಮ್ಮಂಥವರ ಮೇಲೆ ಹೊರಿಸಿದೆ. ನಿಮ್ಮ ಕೂಟದವರ ಮೇಲೆ ಹೊರಿಸಿಲ್ಲ. ಆದ್ದರಿಂದ ಆ ಕೋಣೆಯ ಮಾತು ಮೆಟ್ಟಿಲು ಇಳಿಯಬಾರದೆಂಬುದನ್ನು ನೀವೇ ಪ್ರತಿ ಬಾರಿಯೂ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅದಕ್ಕೆ ಒಂದೇ ಒಂದು ವಿನಾಯಿತಿ, ಜೀವದ ಪ್ರಶ್ನೆ ಬಂದಾಗ. ಯಾರಾದರೂ ಸಾಯುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಸ್ಸು ಹತ್ತಿಸಬೇಡಿ. ಒಬ್ಬರು ಜೊತೆಗಿದ್ದು ಮನೆಯವರನ್ನು ಕರೆಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರು ಈಗಲೂ ಇದ್ದಾರೆ. ಅದೇ ಕಾಯ್ದೆಯ 115ನೇ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಹರಿಹರದ ತಾಯಿ

ತಮ್ಮಾ, ಮನೆಯವರನ್ನು ಸೇರಿಸಿಕೊಳ್ಳಲು ಒಪ್ಪಿಗೆಯಿಲ್ಲ ಎಂದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅದನ್ನು ಓದಿ ನನಗೆ ಬೇಸರವಾಯಿತು. ನನ್ನ ಮಗನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದೆಯೆಂದು ತಿಳಿಯುವ ಮೊದಲು ನಾವು ಮೂರು ವರ್ಷ ಅಮಾವಾಸ್ಯೆ ತಪ್ಪಿಸದೆ ಉಕ್ಕಡಗಾತ್ರಿಯ ಅಜ್ಜಯ್ಯನ ಸನ್ನಿಧಿಗೆ ನಡೆದುಕೊಂಡೆವು. ಅಜ್ಜಯ್ಯನ ಮೇಲೆ ನನಗೆ ಇಂದಿಗೂ ಭಕ್ತಿ ಇದೆ. ಅಲ್ಲಿ ಹೊಳೆಯ ದಂಡೆಯಲ್ಲಿ ನನ್ನಂಥ ನೂರು ತಾಯಂದಿರನ್ನು ನೋಡಿದೆ, ನನ್ನ ಮಗನನ್ನು ಯಾರೂ ವಿಚಿತ್ರವಾಗಿ ನೋಡದ ಜಾಗ ಆಗ ಅದೊಂದೇ ಆಗಿತ್ತು. ಕಾಯಿಲೆಗೆ ಗುಳಿಗೆಯೇ ಬೇಕಿತ್ತು ಎಂಬುದು ತಡವಾಗಿ ತಿಳಿಯಿತು. ಅಷ್ಟು ವರ್ಷ ರಾತ್ರಿ ಎಚ್ಚರವಿದ್ದವರು ನಾವು, ಆಸ್ಪತ್ರೆಯ ಚೀಲ ಹೊತ್ತವರು ನಾವು, ಈಗ ಕೋಣೆಯ ಹೊರಗೆ ನಿಲ್ಲಬೇಕಾದವರೂ ನಾವೇ ಎಂದರೆ ಹೇಗಾದೀತು?

ಹೀಗೆ ಬರೆದು ಕಳುಹಿಸುವ ಮೊದಲು ಮಗನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವ್ವಾ, ಡಾಕ್ಟರ ಮುಂದೆ ನಾನು ಮಾತಾಡುವ ಮೊದಲೇ ನೀನು ಮಾತಾಡುತ್ತೀಯಲ್ಲ" ಎಂದ. ನಿಜ, ಹಾಗೆಯೇ ಮಾಡುತ್ತೇನೆ. ಅವನು ಹೇಳಲಾರದೆ ಒದ್ದಾಡುವುದನ್ನು ನೋಡಲಾಗುವುದಿಲ್ಲ.

ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಬದಲಾಯಿಸುತ್ತೇನೆ. ಮೇಲಿನ ಕೋಣೆ ನಿಮ್ಮದೇ ಇರಲಿ. ಅಷ್ಟು ಹೊತ್ತು ನಮ್ಮಂಥವರಿಗೆ ಕೆಳಗೆ ಎಲ್ಲಿಯಾದರೂ ಒಂದು ಬೆಂಚು ಇದ್ದರೆ ಸಾಕು, ನಮಗೂ ನಮ್ಮ ಮಾತುಗಳಿವೆ. ದುರ್ಗದವರು ಕುಡುಕರ ಕೂಟದ ಬಗ್ಗೆ ಹೇಳಿದರು. ಅವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ, ಅಲ್ಲಿ ಹೆಂಗಸರು ಗಂಡಂದಿರ ಕುಡಿತದ ಬಗ್ಗೆ ಅಲ್ಲ, ತಮ್ಮ ಬಗ್ಗೆ ಮಾತಾಡುತ್ತಾರೆಂದು ನನ್ನ ನಾದಿನಿ ಹೇಳುತ್ತಿರುತ್ತಾಳೆ.

ಮತ್ತೊಂದು ಮಾತು. ಜಗಳೂರಿನ ಆ ಹುಡುಗನಿಗೆ ಫೋನ್ ಮಾಡುತ್ತಾ ಕೂರಬೇಡಿ, ಹೋಗಿ ಬನ್ನಿ. ಎರಡು ಬಸ್ಸು ಬದಲಿಸಿ ಬಂದವನು ಬೀಗ ನೋಡಿ ಹೋದರೆ, ತನ್ನಿಂದಾಗಿಯೇ ಎಲ್ಲರೂ ತಪ್ಪಿಸಿಕೊಂಡರೆಂದು ತಿಳಿಯುತ್ತಾನೆ. ನನ್ನ ಮಗ ಹಾಗೆಯೇ ತಿಳಿಯುತ್ತಾನೆ.

ಒಮ್ಮೆ ಬಿಟ್ಟುಬಂದವನು

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ, ನಾನು ಸ್ವಲ್ಪ ಕಹಿಯಾದದ್ದನ್ನು ಬರೆಯುತ್ತೇನೆ. ಬೇರೆ ಊರಿನಲ್ಲಿ ಇಂಥ ಗುಂಪೊಂದರಲ್ಲಿ ನಾನು ಎಂಟು ತಿಂಗಳಿದ್ದೆ. ಮೊದಮೊದಲು ಹಗುರವಾಗುತ್ತಿತ್ತು. ಆಮೇಲೆ ಯಾರ ನೋವು ದೊಡ್ಡದು ಎಂಬ ಪೈಪೋಟಿ ಶುರುವಾಯಿತು. ಆಸ್ಪತ್ರೆ ಸೇರದವನ ಮಾತಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ಚೆನ್ನಾಗಿ ಮಾತಾಡಬಲ್ಲ ಒಬ್ಬರು ಗುಳಿಗೆ ಬಿಟ್ಟು ಯೋಗದಿಂದಲೇ ಗುಣವಾದೆನೆಂದು ಪ್ರತಿ ವಾರ ಹೇಳುತ್ತಿದ್ದರು, ಅದನ್ನು ನಂಬಿದ ಹುಡುಗನೊಬ್ಬ ಗುಳಿಗೆ ನಿಲ್ಲಿಸಿ ಎರಡು ತಿಂಗಳಲ್ಲಿ ಆಸ್ಪತ್ರೆ ಸೇರಿದ. ಹೇಳಿದವರು ಅವನನ್ನು ನೋಡಲು ಹೋಗಲಿಲ್ಲ.

ಇನ್ನೊಂದು ಪೀಡೆ ವಾಟ್ಸಾಪ್ ಗುಂಪು. ಮಧ್ಯರಾತ್ರಿ ಒಬ್ಬರು ಸಾಯುವ ಮಾತು ಬರೆದು ಫೋನ್ ಆರಿಸಿದರೆ ಉಳಿದ ಹದಿನಾಲ್ಕು ಜನರಿಗೆ ಬೆಳಗಿನವರೆಗೆ ನಿದ್ದೆಯಿಲ್ಲ, ಮತ್ತು ನಮ್ಮಲ್ಲಿ ಎಷ್ಟೋ ಜನರಿಗೆ ನಿದ್ದೆಗೆಡುವುದೇ ಕಾಯಿಲೆಯ ಬಾಗಿಲು. ಗುಂಪಿನಲ್ಲಿ ಭೇಟಿಯ ದಿನ ಮತ್ತು ಸಮಯ ಮಾತ್ರ ಇರಲಿ, ಉಳಿದದ್ದು ಎದುರೆದುರು. ಮೂರು ಬೀಗದ ಕೈಗಳಿದ್ದರೆ ಕೋಣೆ ತೆರೆಯುತ್ತದೆ, ಸರಿ. ಆದರೆ ಒಳಗೆ ಕುಳಿತಾಗ ಒಬ್ಬನೇ ಅರ್ಧ ಗಂಟೆ ಮಾತಾಡಿದರೆ "ಸಾಕು, ಈಗ ಇನ್ನೊಬ್ಬರು" ಎನ್ನುವವರು ಯಾರು ಎಂಬುದನ್ನು ಬೀಗಕ್ಕಿಂತ ಮೊದಲು ಗೊತ್ತು ಮಾಡಿಕೊಳ್ಳಿ.

ಮಗ್ಗದ ಮನೆ, ಮೊಳಕಾಲ್ಮೂರು

ನಾನು ರೇಷ್ಮೆ ಸೀರೆ ನೇಯುವವಳು. ನನಗೆ ಧ್ವನಿಗಳು ಕೇಳಿಸುತ್ತವೆ, ಗುಳಿಗೆಯಿಂದ ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ. ಲಾಳಿ ಓಡುವಾಗ ಅವು ಮಗ್ಗದ ಸದ್ದಿನ ತಾಳಕ್ಕೇ ಬೈಯುತ್ತವೆ. ಮಗ್ಗ ನಿಲ್ಲಿಸಿದರೆ ತಾಳ ತಪ್ಪಿ ಬೈಯುತ್ತವೆ, ಅದು ಇನ್ನೂ ಕಷ್ಟ. ಇದನ್ನು ಮನೆಯಲ್ಲಿ ಹೇಳಿದರೆ ಹೆದರುತ್ತಾರೆ. ಧ್ವನಿ ಕೇಳಿಸುವವರೇ ಸೇರಿ ಮಾತನಾಡುವ ಕೂಟಗಳು 1987ರ ಸುಮಾರಿಗೆ ನೆದರ್ಲೆಂಡ್ಸಿನಲ್ಲಿ ಹುಟ್ಟಿದವೆಂದು, ಪ್ಯಾಟ್ಸಿ ಹೇಗ್ ಎಂಬ ಮಹಿಳೆ ತನ್ನ ವೈದ್ಯ ಮಾರಿಯಸ್ ರೋಮ್ ಅವರಿಗೆ ತನ್ನ ಧ್ವನಿಗಳನ್ನು ಸುಳ್ಳೆನ್ನಬೇಡಿ ಎಂದು ಪಟ್ಟು ಹಿಡಿದದ್ದರಿಂದ ಅದು ಶುರುವಾಯಿತೆಂದು ಆಪ್ತ ಸಮಾಲೋಚಕರೊಬ್ಬರು ನನಗೆ ಹೇಳಿದ್ದರು.

ನನಗೆ ದಾವಣಗೆರೆ ದೂರ. ಆದರೂ ತಿಂಗಳಿಗೊಮ್ಮೆ ಬರಬಹುದೆನ್ನಿಸುತ್ತಿದೆ. ಸಂಜೆ ನಾಲ್ಕಕ್ಕೆ ಬದಲು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಹಗಲಿನಲ್ಲಿಯೇ ಊರು ಸೇರಬಹುದು. ಕತ್ತಲೆಯಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಲ್ಲುವುದು ನನ್ನಿಂದಾಗದು. ಹೆಂಗಸರು ಯಾರಾದರೂ ಬರುತ್ತಾರೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ನಿಟ್ಟುವಳ್ಳಿ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಉತ್ತರಿಸಲು ಹದಿನೈದು ದಿನ ತಡವಾಯಿತು, ಏಕೆಂದರೆ ಉತ್ತರ ಬರೆಯುವ ಮೊದಲು ಎರಡು ಕೆಲಸ ಮುಗಿಸಬೇಕೆಂದುಕೊಂಡಿದ್ದೆ.

ಮೊದಲನೆಯದಾಗಿ ಜಗಳೂರಿಗೆ ಹೋಗಿ ಬಂದೆ. ಅಮ್ಮನವರು ಹೇಳಿದ್ದು ನಿಜವಾಗಿತ್ತು; ಹಿಂದಿನ ಭೇಟಿಯಲ್ಲಿ ತಾನು ಹೆಚ್ಚು ಮಾತಾಡಿದ್ದರಿಂದ ನಾವು ಜಾಗ ಬದಲಿಸಿದ್ದೇವೆಂದು ಅವರು ತಿಳಿದಿದ್ದರು. ನಾನು ಆಸ್ಪತ್ರೆಯಲ್ಲಿದ್ದೆ, ಬೀಗದ ಕೈ ನನ್ನ ಜೇಬಿನಲ್ಲಿತ್ತು ಎಂದು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮೆಕ್ಕೆಜೋಳದ ರಾಶಿಯ ಮೇಲೆ ಕೂರಿಸಿ ಚಹಾ ಕೊಟ್ಟರು, ಕೇಳದೆಯೇ ಅರ್ಧ ಲೋಟ. ಬರುತ್ತೀರಾ ಎಂದುದಕ್ಕೆ "ಜೋಳ ಮಾರಿ ಮುಗಿಯಲಿ, ನೋಡೋಣ" ಎಂದರು. ನಾನು ಒತ್ತಾಯ ಮಾಡಲಿಲ್ಲ.

ಎರಡನೆಯದು ಬೀಗದ ಕೈ. ಮೂರು ಮಾಡಿಸಿದ್ದೇವೆ. ಒಂದು ವಿದ್ಯಾನಗರದಲ್ಲಿರುವ ನಮ್ಮ ಕೂಟದ ಅಕ್ಕನವರ ಬಳಿ, ಒಂದು ಬೆಂಚಿನ ಮೇಲೆ ನನಗೆ ಸಿಕ್ಕಿದ್ದವರ ಬಳಿ, ಮೂರನೆಯದು ಕೆಳಗಿನ ಅಂಗಡಿಯ ಗೆಳೆಯರ ಬಳಿ. ನನ್ನ ಬಳಿ ಸದ್ಯಕ್ಕೆ ಇಲ್ಲ; ಇದು ಶಿಕ್ಷೆಯಲ್ಲ, ಸರದಿ. ಮಾತಿಗೆ ಸಮಯ ನೋಡುವ ಕೆಲಸವನ್ನು ಆ ಅಕ್ಕನವರೇ ವಹಿಸಿಕೊಂಡಿದ್ದಾರೆ. ಅವರು ನಿವೃತ್ತ ಶಿಕ್ಷಕಿ, "ಸಾಕು" ಎನ್ನುವುದು ಅವರಿಗೆ ರೂಢಿಯಿದೆ. ಸಂಸ್ಥೆಗೆ ಒಪ್ಪಿಸುವ ವಿಚಾರವನ್ನು ಬಿಟ್ಟಿದ್ದೇವೆ, ಭಾವನವರಿಗೆ ಸಮಾಜ ಕಾರ್ಯಕರ್ತೆಯವರ ಉತ್ತರವನ್ನು ಓದಲು ಕೊಟ್ಟೆ. ವಾಟ್ಸಾಪ್ ಗುಂಪಿನಲ್ಲಿ ಇನ್ನು ಮುಂದೆ ದಿನ ಮತ್ತು ಸಮಯ ಮಾತ್ರ.

ನನ್ನ ಹಾಳೆಯನ್ನು ಬರೆಯಲು ಮೂರು ಸಂಜೆ ಹಿಡಿಯಿತು. ಕೊನೆಗೆ ಹೀಗೆ ಬರೆದೆ: "ಎರಡು ರಾತ್ರಿ ಮೂರು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ದಣಿವಿಲ್ಲ ಎಂದು ಹೇಳಿದರೆ, ಅಥವಾ ಏನನ್ನಾದರೂ ಅಚ್ಚು ಹಾಕಿಸಬೇಕೆಂದರೆ, ನನ್ನ ಮಾತನ್ನು ಒಪ್ಪಬೇಡಿ, ವಾದವನ್ನೂ ಮಾಡಬೇಡಿ, ತಂಗಿಗೆ ತಿಳಿಸಿ." ಅಚ್ಚಿನ ಮಾತು ಓದಿ ಎಲ್ಲರೂ ನಕ್ಕರು, ನಾನೂ ನಕ್ಕೆ. ತಂಗಿಗೆ ಮಾತ್ರ ಒಂದು ತಕರಾರಿದೆ: ಹಾಳೆಯ ಪ್ರತಿ ಹೊರಗಿನ ಇಬ್ಬರ ಬಳಿ ಇರುವುದಾದರೆ ತನ್ನ ಬಳಿ ಏಕಿಲ್ಲ ಎಂದು. ಒಂದು ಪ್ರತಿ ಅವಳಿಗೂ ಕೊಟ್ಟೆ.

ಮೊಳಕಾಲ್ಮೂರಿನ ಸಹೋದರಿಯವರಿಗೆ: ನಮ್ಮಲ್ಲಿ ಈಗ ನಾಲ್ವರು ಹೆಂಗಸರಿದ್ದಾರೆ, ಧ್ವನಿ ಕೇಳಿಸುವವರು ಅವರಲ್ಲೊಬ್ಬರು. ತಿಂಗಳ ಎರಡನೆಯ ಭಾನುವಾರದ ಭೇಟಿಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಬದಲಿಸಿದ್ದೇವೆ, ನಾಲ್ಕನೆಯದು ಹಿಂದಿನಂತೆ ಸಂಜೆಯೇ ಇರುತ್ತದೆ. ನೀವು ಬರುವ ದಿನ ಅಕ್ಕನವರು ಬಸ್ ನಿಲ್ದಾಣಕ್ಕೆ ಬರುತ್ತಾರೆ. ಹರಿಹರದ ಅಮ್ಮನವರಿಗೆ: ಕೆಳಗಿನ ಅಂಗಡಿಗೆ ಭಾನುವಾರ ರಜೆ, ಅದರ ಮುಂದಿನ ಕಟ್ಟೆಯ ಮೇಲೆ ಎಂಟು ಜನ ಕೂರಬಹುದು, ಬಿಸಿಲು ಬಂದರೆ ಒಳಗೂ ಕೂರಬಹುದೆಂದು ಗೆಳೆಯರು ಹೇಳಿದ್ದಾರೆ. ಮಂಡಕ್ಕಿಯನ್ನು ಮೇಲಿನಿಂದ ಕಳುಹಿಸಿಕೊಡುತ್ತೇವೆ.